ಕೈಗೆಟುಕುವ ವಸತಿ: ಕಟ್ಟುವವರಷ್ಟೇ ಸಾಲದು, ನಿರ್ವಹಿಸಬಲ್ಲವರೂ ಬೇಕು

ಬೆಂಗಳೂರಿನ ಪೂರ್ವ ಭಾಗದಲ್ಲಿರುವ ಜೀವನ್ ಬಿಮಾ ನಗರಕ್ಕೆ ಆ ಹೆಸರು ಬಂದುದು ಭಾರತೀಯ ಜೀವ ವಿಮಾ ನಿಗಮದಿಂದ. 1956ರ ಸೆಪ್ಟೆಂಬರ್ 1ರಂದು ಅಸ್ತಿತ್ವಕ್ಕೆ ಬಂದ ಈ ನಿಗಮದ ವಸತಿ ಬಡಾವಣೆ ಇಲ್ಲಿ ತಲೆಯೆತ್ತಿತು. ತಿಪ್ಪಸಂದ್ರ, ಕೋಡಿಹಳ್ಳಿ, ಮುರುಗೇಶಪಾಳ್ಯಗಳ ನಡುವೆ, ಎಚ್‌ಎಎಲ್ ಕಾರ್ಖಾನೆಗೆ ಸಮೀಪದಲ್ಲಿ ಬೆಳೆದ ಈ ಪ್ರದೇಶವು ಬಹುಕಾಲ ಸಂಬಳದಾರರ, ಸಣ್ಣ ಉದ್ದಿಮೆದಾರರ ನೆಲೆಯಾಗಿತ್ತು. ವಿಮೆಯ ವ್ಯವಹಾರವು ಇಪ್ಪತ್ತು, ಮೂವತ್ತು ವರ್ಷಗಳ ಹೊಣೆಯನ್ನು ಇಂದೇ ಲೆಕ್ಕ ಹಾಕಿ ನಡೆಯುವಂಥದು. ವಸತಿ ನಿರ್ಮಾಣಕ್ಕೂ ಅದೇ ಬಗೆಯ ಲೆಕ್ಕ ಬೇಕೆಂಬುದನ್ನು ಬಡಾವಣೆಯ ಹೆಸರೇ ನೆನಪಿಸುವಂತಿದೆ.

ಇಲ್ಲಿಂದ ದೊಮ್ಮಲೂರನ್ನು ದಾಟಿ ಒಳ ವರ್ತುಲ ರಸ್ತೆಯತ್ತ ಸಾಗಿದರೆ ಎಂಬೆಸಿ ಗಾಲ್ಫ್‌ಲಿಂಕ್ಸ್ ಕಚೇರಿ ಸಂಕೀರ್ಣ ಸಿಗುತ್ತದೆ. 2019ರ ಏಪ್ರಿಲ್‌ನಲ್ಲಿ ಷೇರು ವಿನಿಮಯ ಕೇಂದ್ರಗಳಲ್ಲಿ ನೋಂದಣಿಯಾದ ದೇಶದ ಮೊದಲ ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್‌ಗೆ ಈ ಸಂಕೀರ್ಣದಲ್ಲಿ ಪಾಲಿದೆ. ಎಷ್ಟು ಚದರಡಿ ಖಾಲಿ ಇದೆ, ಯಾವ ಗುತ್ತಿಗೆ ಯಾವ ವರ್ಷ ಮುಗಿಯುತ್ತದೆ, ನಿರ್ವಹಣೆಗೆ ಎಷ್ಟು ವ್ಯಯವಾಯಿತು ಎಂಬುದನ್ನು ಅಲ್ಲಿ ತರಬೇತಿ ಪಡೆದ ಆಸ್ತಿ ನಿರ್ವಾಹಕರು ನಿಯತವಾಗಿ ವರದಿ ಮಾಡುತ್ತಾರೆ. ಅಲ್ಲಿಂದ ಇನ್ನೂ ಸ್ವಲ್ಪ ದೂರದಲ್ಲಿರುವುದು ಈಜಿಪುರ. 1990ರ ದಶಕದ ಆರಂಭದಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದವರಿಗಾಗಿ ಅಂದಿನ ಮಹಾನಗರ ಪಾಲಿಕೆಯು ಅಲ್ಲಿ ಸುಮಾರು 1,500 ಮನೆಗಳ ವಸತಿ ಸಮುಚ್ಚಯವನ್ನು ನಿರ್ಮಿಸಿತ್ತು. ಎರಡು ದಶಕ ತುಂಬುವ ಮೊದಲೇ ಕೆಲವು ಬ್ಲಾಕ್‌ಗಳು ಕುಸಿದವು. 2013ರ ಜನವರಿಯಲ್ಲಿ ಉಳಿದಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಕಾಂಕ್ರೀಟ್ ಕಟ್ಟಡವೊಂದರ ಆಯುಸ್ಸನ್ನು ಲೆಕ್ಕಪುಸ್ತಕದಲ್ಲಿ ಐವತ್ತು, ಅರುವತ್ತು ವರ್ಷ ಎಂದು ಹಿಡಿಯುವುದು ರೂಢಿ. ಇಲ್ಲಿ ಅದರ ಅರ್ಧವೂ ದಕ್ಕಲಿಲ್ಲ.

ಒಂದೇ ನಗರದ ಕೆಲವೇ ಕಿಲೋಮೀಟರ್‌ಗಳ ಅಂತರದಲ್ಲಿ ಕಾಣುವ ಈ ವ್ಯತ್ಯಾಸಕ್ಕೆ ಬಂಡವಾಳದ ಕೊರತೆ ಒಂದು ಕಾರಣ, ನಿರ್ಮಾಣದ ಗುಣಮಟ್ಟ ಇನ್ನೊಂದು. ಹೆಚ್ಚು ಚರ್ಚೆಗೆ ಬಾರದ ಮೂರನೆಯ ಕಾರಣವೊಂದಿದೆ. ದುಬಾರಿ ಕಚೇರಿ ಕಟ್ಟಡಕ್ಕೆ ಮೊದಲ ದಿನದಿಂದಲೇ ಆಸ್ತಿ ನಿರ್ವಾಹಕನೊಬ್ಬ ಇರುತ್ತಾನೆ. ಅಗ್ಗದ ಮನೆಗೆ ಗುತ್ತಿಗೆದಾರನಿರುತ್ತಾನೆ, ಉದ್ಘಾಟನೆ ನಡೆಯುತ್ತದೆ, ಅನಂತರ ಯಾರೂ ಇರುವುದಿಲ್ಲ.

ಆಸ್ತಿ ನಿರ್ವಾಹಕ ಎಂದರೆ ಯಾರು?

ಬಾಡಿಗೆ ವಸೂಲಿ ಮಾಡಿ, ನಲ್ಲಿ ಸೋರಿದಾಗ ಪ್ಲಂಬರನನ್ನು ಕರೆಸುವ ವ್ಯಕ್ತಿಯನ್ನು ಕಟ್ಟಡದ ಮ್ಯಾನೇಜರ್ ಎನ್ನುತ್ತಾರೆ. ಆಸ್ತಿ ನಿರ್ವಾಹಕನ ಕೆಲಸ ಅದಕ್ಕಿಂತ ಮೇಲಿನದು. ಸ್ವತ್ತಿನ ಪೂರ್ಣ ಆಯುಷ್ಯದಲ್ಲಿ ಅದರಿಂದ ಬರುವ ಆದಾಯ, ತಗಲುವ ವೆಚ್ಚ, ತೀರಿಸಬೇಕಾದ ಸಾಲ, ಕೂಡಿಡಬೇಕಾದ ಮೀಸಲು ನಿಧಿ, ಪಾಲಿಸಬೇಕಾದ ಕಾನೂನು ಇವೆಲ್ಲವನ್ನೂ ಒಟ್ಟಾಗಿ ನೋಡಿ ಮಾಲೀಕನಿಗೆ ಹೊಣೆಗಾರನಾಗಿರುವವನು ಅವನು. ವಾಣಿಜ್ಯ ಪದವೀಧರರಿಗೆ ಪರಿಚಿತವಾದ ಭಾಷೆಯಲ್ಲಿ ಹೇಳುವುದಾದರೆ, ಕಟ್ಟಡವನ್ನು ಒಂದು ಪ್ರತ್ಯೇಕ ವ್ಯವಹಾರ ಸಂಸ್ಥೆಯೆಂದು ಭಾವಿಸಿ ಅದರ ಲಾಭ ನಷ್ಟ ಪಟ್ಟಿಯನ್ನೂ ಆಸ್ತಿ ಹೊಣೆ ಪಟ್ಟಿಯನ್ನೂ ತನ್ನದೆಂದು ಒಪ್ಪಿಕೊಳ್ಳುವ ವ್ಯಕ್ತಿ.

ಅಮೆರಿಕದಲ್ಲಿ ಈ ವೃತ್ತಿ ಬೆಳೆದ ಬಗೆ ಗಮನಾರ್ಹ. ಅಲ್ಲಿ 1986ರ ತೆರಿಗೆ ಸುಧಾರಣಾ ಕಾಯ್ದೆಯು ಕಡಿಮೆ ಆದಾಯದವರಿಗೆ ಬಾಡಿಗೆ ಮನೆ ಕಟ್ಟುವವರಿಗೆ ತೆರಿಗೆ ರಿಯಾಯಿತಿ ನೀಡಿತು. ಆದರೆ ಹದಿನೈದು ವರ್ಷಗಳ ಕಾಲ ಷರತ್ತುಗಳನ್ನು ಪಾಲಿಸಲೇಬೇಕು, ತಪ್ಪಿದರೆ ಕೊಟ್ಟ ರಿಯಾಯಿತಿಯನ್ನು ಹಿಂದಕ್ಕೆ ಪಡೆಯಲಾಗುವುದು ಎಂಬ ನಿಬಂಧನೆಯೂ ಇತ್ತು. ಬಾಡಿಗೆದಾರನ ಆದಾಯದ ದಾಖಲೆಯಿಂದ ಹಿಡಿದು ಕಟ್ಟಡದ ಸುಸ್ಥಿತಿಯವರೆಗೆ ಎಲ್ಲವನ್ನೂ ವರ್ಷ ವರ್ಷ ಸಾಬೀತುಪಡಿಸಬೇಕಾದಾಗ ಅದಕ್ಕೆಂದೇ ಕಲಿತ ಜನ ಬೇಕಾದರು. ತರಬೇತಿ, ಪರೀಕ್ಷೆ, ಪ್ರಮಾಣಪತ್ರಗಳು ಹುಟ್ಟಿಕೊಂಡದ್ದು ಹೀಗೆ. ಬ್ರಿಟನ್ನಿನಲ್ಲಿ ಕಾರಣ ಹೆಚ್ಚು ದಾರುಣವಾದುದು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಸಾಮಾಜಿಕ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 72 ಮಂದಿ ಸತ್ತರು. ನಿವಾಸಿಗಳು ಮೊದಲೇ ನೀಡಿದ್ದ ಎಚ್ಚರಿಕೆಗಳಿಗೆ ನಿರ್ವಾಹಕರು ಕಿವಿಗೊಟ್ಟಿರಲಿಲ್ಲವೆಂಬ ಆಕ್ಷೇಪ ಬಲವಾಗಿ ಕೇಳಿಬಂದಿತು. 2023ರ ಸಾಮಾಜಿಕ ವಸತಿ ನಿಯಂತ್ರಣ ಕಾಯ್ದೆಯು ಹಿರಿಯ ವಸತಿ ನಿರ್ವಾಹಕರಿಗೆ ವೃತ್ತಿ ಅರ್ಹತೆಯನ್ನು ಕಡ್ಡಾಯಗೊಳಿಸುವ ಹಾದಿ ಹಿಡಿಯಿತು.

ಭಾರತದಲ್ಲಿ ಚಿತ್ರ ವಿಚಿತ್ರವಾಗಿದೆ. ಕಂಪನಿಗಳ ಕಾಯ್ದೆಯಡಿ ಕಟ್ಟಡದ ಮೌಲ್ಯ ನಿರ್ಧರಿಸುವವನು 2017ರ ನಿಯಮಗಳ ಪ್ರಕಾರ ನಿಗದಿತ ಶಿಕ್ಷಣ ಪಡೆದು ಪರೀಕ್ಷೆ ಬರೆದು ನೋಂದಾಯಿತ ಮೌಲ್ಯಮಾಪಕನಾಗಬೇಕು. ಮಹಾರಾಷ್ಟ್ರದ ರೇರಾ ಪ್ರಾಧಿಕಾರವು 2023ರಲ್ಲಿ ಮನೆ ಮಾರಿಸುವ ಏಜೆಂಟನಿಗೂ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಬೆಲೆ ಕಟ್ಟುವವನಿಗೆ ಪರೀಕ್ಷೆ, ಮಾರಿಸುವವನಿಗೆ ಪರೀಕ್ಷೆ. ಆ ಕಟ್ಟಡವನ್ನು ಮೂವತ್ತು ವರ್ಷ ಬಾಳಿಸಬೇಕಾದವನಿಗೆ ಮಾತ್ರ ಕಾನೂನಿನ ಪ್ರಕಾರ ಯಾವ ಅರ್ಹತೆಯೂ ಬೇಕಿಲ್ಲ.

ಉದ್ದಿಮೆದಾರರಿಗೆ ಇದು ಏಕೆ ಮುಖ್ಯ?

ಕೆ.ಆರ್. ಪುರ, ಮಹದೇವಪುರ, ದೊಡ್ಡನೆಕ್ಕುಂದಿ ಭಾಗದ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಅನೇಕರು ಹೊರ ಜಿಲ್ಲೆಗಳಿಂದ, ಹೊರ ರಾಜ್ಯಗಳಿಂದ ಬಂದವರು. ವಾಸಕ್ಕೆ ಯೋಗ್ಯವಾದ ಕೊಠಡಿ ಸಿಗದೆ ನುರಿತ ಕೆಲಸಗಾರ ಊರಿಗೆ ಮರಳುವುದು ಉದ್ದಿಮೆದಾರರು ಬಲ್ಲ ಸಂಗತಿ. ಕೋವಿಡ್ ಕಾಲದಲ್ಲಿ ಇದೇ ಸಮಸ್ಯೆ ದೇಶವ್ಯಾಪಿಯಾಗಿ ಕಂಡಾಗ ಕೇಂದ್ರ ಸರ್ಕಾರವು 2020ರ ಜುಲೈನಲ್ಲಿ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಯನ್ನು ಪ್ರಕಟಿಸಿತು. ಅದರಲ್ಲಿ ಎರಡು ಮಾದರಿಗಳಿದ್ದವು. ಒಂದು, ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ದುರಸ್ತಿ ಮಾಡಿ 25 ವರ್ಷಗಳ ಅವಧಿಗೆ ಬಾಡಿಗೆಗೆ ನಡೆಸುವುದು. ಇನ್ನೊಂದು, ಖಾಸಗಿ ಅಥವಾ ಸಾರ್ವಜನಿಕ ಸಂಸ್ಥೆಗಳು ತಮ್ಮದೇ ನಿವೇಶನದಲ್ಲಿ ಕಟ್ಟಿ 25 ವರ್ಷ ನಡೆಸುವುದು. 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿಯೂ ಕೈಗೆಟುಕುವ ಬಾಡಿಗೆ ವಸತಿ ಒಂದು ಪ್ರತ್ಯೇಕ ಅಂಗವಾಗಿದೆ.

ಇಲ್ಲಿ ಒಂದು ಮಾತನ್ನು ನೆನೆಯಬೇಕು. 2020ರಲ್ಲಿ ಯೋಜನೆ ಪ್ರಕಟವಾದಾಗ ಜವಾಹರಲಾಲ್ ನೆಹರು ನಗರ ನವೀಕರಣ ಯೋಜನೆ ಮೊದಲಾದವುಗಳಡಿ ಕಟ್ಟಿದ ಎಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳು ದೇಶದಲ್ಲಿ ಖಾಲಿ ಇದ್ದವು. ಅವುಗಳಲ್ಲಿ ಸೂರತ್‌ನ 393, ಚಂಡೀಗಢದ 2,195 ಮನೆಗಳು ಬಾಡಿಗೆ ವಸತಿಯಾಗಿ ಮಾರ್ಪಟ್ಟವು. ದೇಶದಲ್ಲಿ ಮನೆಯಿಲ್ಲದವರೇನೂ ಕಡಿಮೆ ಇರಲಿಲ್ಲ. ಆದರೂ ಬಸ್ಸು ಬಾರದ, ನೀರು ಬಾರದ, ಕೆಲಸದ ಜಾಗಕ್ಕೆ ದೂರವಾದ ಮನೆ ಬಿಟ್ಟಿಗೆ ಸಿಕ್ಕರೂ ಖಾಲಿಯೇ ಉಳಿಯುತ್ತದೆ. ನಿವೇಶನ ಆಯ್ಕೆ ಮಾಡುವ ದಿನವೇ ಆಸ್ತಿ ನಿರ್ವಾಹಕ ಸಭೆಯಲ್ಲಿರಬೇಕೆಂದು ವೃತ್ತಿ ತರಬೇತಿಗಳು ಒತ್ತಿ ಹೇಳುವುದು ಈ ಕಾರಣಕ್ಕೆ.

ಒಂದು ಲೆಕ್ಕ

ವಿಷಯವನ್ನು ಅಂಕಿಗಳಲ್ಲಿ ನೋಡುವುದು ಒಳಿತು. ಮುಂದಿನ ಅಂಕಿಗಳು ಕೇವಲ ಉದಾಹರಣೆಗಾಗಿ ಊಹಿಸಿದವು. ತಮ್ಮ ಸ್ಥಳದ ದರಗಳನ್ನು ಅವುಗಳ ಜಾಗದಲ್ಲಿ ಇರಿಸಿಕೊಳ್ಳಬಹುದು.

ಹೊಸಕೋಟೆಯ ಬಳಿ ಸ್ವಂತ ನಿವೇಶನವಿರುವ ಉದ್ದಿಮೆದಾರರೊಬ್ಬರು ತಲಾ 30 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣದ 40 ಮನೆಗಳನ್ನು ಕಟ್ಟಿಸುತ್ತಾರೆನ್ನೋಣ. ಗೋಡೆ, ಮೆಟ್ಟಿಲು, ಪಡಸಾಲೆ ಸೇರಿ 1,600 ಚದರ ಮೀಟರ್. ಚದರ ಮೀಟರಿಗೆ 20,000 ರೂ. ಎಂದರೆ ನಿರ್ಮಾಣ ವೆಚ್ಚ 3.20 ಕೋಟಿ ರೂ. ಮನೆಯೊಂದಕ್ಕೆ ತಿಂಗಳ ಬಾಡಿಗೆ 7,000 ರೂ., ವರ್ಷಕ್ಕೆ ಒಟ್ಟು 33.60 ಲಕ್ಷ ರೂ. ಸಾಮಾನ್ಯವಾಗಿ ಮಾಲೀಕರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ: 3.20 ಕೋಟಿಗೆ 33.60 ಲಕ್ಷ, ಅಂದರೆ ಶೇ. 10.5 ಪ್ರತಿಫಲ; ಬ್ಯಾಂಕಿನ ಠೇವಣಿಗಿಂತ ಎಷ್ಟೋ ಮೇಲು.

ತರಬೇತಿ ಪಡೆದ ನಿರ್ವಾಹಕ ಇದೇ ಲೆಕ್ಕವನ್ನು ಮುಂದುವರಿಸುತ್ತಾನೆ. ಖಾಲಿ ಬೀಳುವ ದಿನಗಳು ಮತ್ತು ವಸೂಲಾಗದ ಬಾಡಿಗೆಗೆ ಶೇ. 8 ಕಳೆದರೆ ಉಳಿಯುವುದು 30.91 ಲಕ್ಷ. ಕಾವಲುಗಾರ, ಸ್ವಚ್ಛತೆಗೆ 4.50 ಲಕ್ಷ, ಸಾಮಾನ್ಯ ವಿದ್ಯುತ್ ಮತ್ತು ನೀರಿಗೆ 3 ಲಕ್ಷ, ಆಸ್ತಿ ತೆರಿಗೆ ಮತ್ತು ವಿಮೆಗೆ 1.50 ಲಕ್ಷ, ಚಿಲ್ಲರೆ ದುರಸ್ತಿಗೆ 2 ಲಕ್ಷ, ಒಟ್ಟು 11 ಲಕ್ಷ. ತಾರಸಿಯ ನೀರು ನಿರೋಧಕ ಲೇಪನ, ಮೋಟಾರು, ಪೈಪು, ಬಣ್ಣ ಇವು ಕೆಲವು ವರ್ಷಗಳಿಗೊಮ್ಮೆ ಒಟ್ಟಿಗೇ ಬರುವ ದೊಡ್ಡ ಖರ್ಚುಗಳು. ಅವುಗಳಿಗೆ ನಿರ್ಮಾಣ ವೆಚ್ಚದ ಶೇ. 1ರಂತೆ ಪ್ರತಿ ವರ್ಷ 3.20 ಲಕ್ಷ ಮೀಸಲು. ಕೊನೆಗೆ ಉಳಿಯುವುದು 16.71 ಲಕ್ಷ, ಪ್ರತಿಫಲ ಶೇ. 5.2. ನಿವೇಶನದ ಬೆಲೆಯನ್ನು ಇನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ.

ವೆಚ್ಚದ ಅರ್ಧವನ್ನು, ಅಂದರೆ 1.60 ಕೋಟಿಯನ್ನು, ಶೇ. 9.5 ಬಡ್ಡಿಗೆ ಹದಿನೈದು ವರ್ಷಗಳ ಸಾಲವಾಗಿ ಪಡೆದರೆ ವರ್ಷದ ಕಂತು ಸುಮಾರು 20.05 ಲಕ್ಷ. ಕೈಯಲ್ಲಿರುವುದು 16.71 ಲಕ್ಷ. ಮೀಸಲು ನಿಧಿಯನ್ನೇ ಕೈಬಿಟ್ಟರೂ ಬರುವುದು 19.91 ಲಕ್ಷ, ಆಗಲೂ ಕಂತಿಗೆ ಸಾಲದು. ಈ ಹಂತದಲ್ಲಿ ಮಾಲೀಕರು ಮಾಡುವುದೇನೆಂಬುದು ಲೆಕ್ಕ ಬರೆಯುವವರಿಗೆಲ್ಲ ತಿಳಿದದ್ದೇ. ಮೊದಲು ಮೀಸಲನ್ನು ನಿಲ್ಲಿಸುತ್ತಾರೆ, ಅನಂತರ ದುರಸ್ತಿಯನ್ನು ಮುಂದೂಡುತ್ತಾರೆ, ಆಮೇಲೆ ಒಳ್ಳೆಯ ಬಾಡಿಗೆದಾರ ಬಿಟ್ಟು ಹೋಗುತ್ತಾನೆ. ಸಾಲದ ಕಂತಿಗೆ ಒಂದೂಕಾಲು ಪಟ್ಟು ಆದಾಯವಿರಬೇಕೆಂಬ ಎಚ್ಚರಿಕೆಯ ಅನುಪಾತವನ್ನು ಹಿಡಿದಿದ್ದರೆ ಈ ಕಟ್ಟಡ ತಾಳಬಲ್ಲ ಸಾಲ ಸುಮಾರು 1.07 ಕೋಟಿ ಮಾತ್ರ ಎಂಬುದು ಅಡಿಪಾಯ ತೋಡುವ ಮೊದಲೇ ತಿಳಿಯುತ್ತಿತ್ತು.

ಕಾಲ ಕಳೆದಂತೆ ಎಲ್ಲ ಸರಿಹೋದೀತು, ಬಾಡಿಗೆ ಏರುತ್ತದಲ್ಲ ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. 2020ರ ಬಾಡಿಗೆ ವಸತಿ ಯೋಜನೆಯಲ್ಲಿ ಎರಡು ವರ್ಷಕ್ಕೊಮ್ಮೆ ಶೇ. 8, ಐದು ವರ್ಷಗಳಲ್ಲಿ ಒಟ್ಟು ಶೇ. 20 ಮೀರದಂತೆ ಬಾಡಿಗೆ ಏರಿಸಲು ಅವಕಾಶವಿತ್ತು. ಐದು ವರ್ಷಗಳ ಆ ಮಿತಿಯನ್ನು ಲೆಕ್ಕಿಸದೆ ಎರಡು ವರ್ಷಕ್ಕೊಮ್ಮೆ ಶೇ. 8ರಂತೆಯೇ ಹತ್ತು ವರ್ಷ ಏರಿಸಿದರೂ ಬಾಡಿಗೆ ಶೇ. 47ರಷ್ಟು ಏರುತ್ತದೆ. ನಿರ್ವಹಣಾ ವೆಚ್ಚವು ವರ್ಷಕ್ಕೆ ಶೇ. 7ರಂತೆ ಏರಿದರೆ ಅದು ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗಿ 21.64 ಲಕ್ಷ ಮುಟ್ಟುತ್ತದೆ. ಮೀಸಲನ್ನು ಏರಿಸದೆ ಹಾಗೆಯೇ ಇಟ್ಟರೂ ಕೈಗುಳಿಯುವ ಮೊತ್ತ 16.71 ಲಕ್ಷದಿಂದ 20.58 ಲಕ್ಷಕ್ಕೆ, ಅಂದರೆ ಶೇ. 23ರಷ್ಟು ಮಾತ್ರ ಬೆಳೆಯುತ್ತದೆ.

ನೀರಿನ ಬಾಬತ್ತು ಪ್ರತ್ಯೇಕವಾಗಿ ಹೇಳಬೇಕಾದುದು. ಮನೆಗೆ ನಾಲ್ವರಂತೆ 160 ಮಂದಿಗೆ, ತಲಾ ದಿನಕ್ಕೆ 135 ಲೀಟರ್ ಎಂಬ ನಗರ ಪ್ರದೇಶದ ಮಾನದಂಡದಂತೆ 21,600 ಲೀಟರ್ ಬೇಕು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ ಬೆಂಗಳೂರು ಜಿಲ್ಲಾಡಳಿತವು 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂ. ದರ ನಿಗದಿಪಡಿಸಿತ್ತು. ಆ ದರ ಹಿಡಿದರೂ ಮೂರು ತಿಂಗಳ ಟ್ಯಾಂಕರ್ ನೀರಿಗೆ 1.62 ಲಕ್ಷ, ವರ್ಷಪೂರ್ತಿಗೆ 6.57 ಲಕ್ಷ ರೂ. ತಗಲುತ್ತದೆ. ಮೇಲಿನ ಲೆಕ್ಕದಲ್ಲಿ ವಿದ್ಯುತ್ತು, ನೀರು ಎರಡಕ್ಕೂ ಸೇರಿ ಹಿಡಿದದ್ದು 3 ಲಕ್ಷ. ಒಂದೇ ಕೊಳವೆ ಬಾವಿಯನ್ನು ನಂಬಿ ಕಟ್ಟಡ ಎಬ್ಬಿಸುವವರಿಗೆ ಈ ಒಂದು ಸಾಲು ಸಾಕಷ್ಟು ಪಾಠ ಹೇಳಬಲ್ಲದು. ಮಳೆ ನೀರಿನ ತೊಟ್ಟಿ, ಮನೆಗೊಂದು ಮೀಟರು ಇವನ್ನು ನಕ್ಷೆಯ ಹಂತದಲ್ಲೇ ಸೇರಿಸಿದರೆ ಖರ್ಚು ಅಲ್ಪ. ಜನ ವಾಸಕ್ಕೆ ಬಂದ ಮೇಲೆ ಅದೇ ಕೆಲಸಕ್ಕೆ ಗೋಡೆ ಒಡೆಯಬೇಕು.

ತೆರಿಗೆಯ ಕೆಲವು ಮುಖಗಳು

ಮಾರಾಟಕ್ಕೆ ಕಟ್ಟುವ ಕೈಗೆಟುಕುವ ಮನೆಗಳಿಗೆ 2019ರ ಏಪ್ರಿಲ್ 1ರಿಂದ ಜಿಎಸ್‌ಟಿ ದರ ಶೇ. 1, ಹೂಡುವಳಿ ತೆರಿಗೆ ಜಮೆ ಇಲ್ಲ. ಬೆಂಗಳೂರಿನಂತಹ ಮಹಾನಗರದಲ್ಲಿ ಕಾರ್ಪೆಟ್ ವಿಸ್ತೀರ್ಣ 60 ಚದರ ಮೀಟರ್, ಇತರೆಡೆ 90 ಚದರ ಮೀಟರ್, ಬೆಲೆ 45 ಲಕ್ಷ ರೂ. ಮೀರಬಾರದೆಂಬುದು ಅದರ ಮಿತಿ. ನಿರ್ಮಾಪಕರ ಲಾಭಕ್ಕೆ ಪೂರ್ಣ ವಿನಾಯಿತಿ ನೀಡುತ್ತಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 80-ಐಬಿಎ ಕಲಮು 2022ರ ಮಾರ್ಚ್ 31ರ ಅನಂತರ ಮಂಜೂರಾದ ಯೋಜನೆಗಳಿಗೆ ಅನ್ವಯಿಸುವುದಿಲ್ಲ. ಹಳೆಯ ಯೋಜನಾ ವರದಿಗಳನ್ನು ನಕಲು ಮಾಡುವವರು ಇದನ್ನು ಮರೆತು ಇಂದಿಗೂ ಆ ವಿನಾಯಿತಿಯನ್ನು ಸೇರಿಸಿ ಲಾಭ ತೋರಿಸುವುದುಂಟು.

ಬಾಡಿಗೆ ವಸತಿಯ ವಿಚಾರ ಹೆಚ್ಚು ಸೂಕ್ಷ್ಮ. ವಾಸಕ್ಕಾಗಿ ನೋಂದಣಿಯಿಲ್ಲದ ವ್ಯಕ್ತಿಗೆ ಕೊಟ್ಟ ಮನೆಯ ಬಾಡಿಗೆಗೆ ಜಿಎಸ್‌ಟಿ ಇಲ್ಲ. ಅದೇ ಮನೆಯನ್ನು ಜಿಎಸ್‌ಟಿ ನೋಂದಣಿ ಪಡೆದ ಕಾರ್ಖಾನೆಯೊಂದು ತನ್ನ ಹೆಸರಿನಲ್ಲಿ ಬಾಡಿಗೆಗೆ ಪಡೆದು ನೌಕರರನ್ನು ಇರಿಸಿದರೆ, 2022ರ ಜುಲೈ 18ರಿಂದ ಕಾರ್ಖಾನೆಯೇ ಪ್ರತಿಲೋಮ ಕ್ರಮದಲ್ಲಿ ಶೇ. 18 ತೆರಿಗೆ ಕಟ್ಟಬೇಕು. ಕರಾರು ಪತ್ರದಲ್ಲಿ ಯಾರ ಹೆಸರಿದೆ ಎಂಬುದರಿಂದಲೇ ಇಷ್ಟು ವ್ಯತ್ಯಾಸ. ಹಾಸಿಗೆ ಲೆಕ್ಕದ ಹಾಸ್ಟೆಲ್ ಮಾದರಿಗೆ 2024ರ ಜುಲೈ 15ರಿಂದ ಬೇರೆ ವಿನಾಯಿತಿಯಿದೆ: ತಲಾ ತಿಂಗಳಿಗೆ 20,000 ರೂ. ಮೀರದೆ, ಕನಿಷ್ಠ 90 ದಿನ ಸತತ ವಾಸವಿದ್ದರೆ ತೆರಿಗೆಯಿಲ್ಲ. ಹೀಗಾಗಿ ಪ್ರವೇಶ ಮತ್ತು ನಿರ್ಗಮನದ ದಾಖಲೆ ಪುಸ್ತಕವೇ ಇಲ್ಲಿ ತೆರಿಗೆ ದಾಖಲೆಯೂ ಆಗುತ್ತದೆ. ಬಾಡಿಗೆಗೆ ತೆರಿಗೆಯಿಲ್ಲವಾದ್ದರಿಂದ ಕಟ್ಟಡದ ಸಾಮಗ್ರಿಗೆ ತೆತ್ತ ಜಿಎಸ್‌ಟಿ ಪೂರ್ತಿ ವೆಚ್ಚವೇ. ಸಿಮೆಂಟಿನ ದರ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದುದು ಈ ಕಾರಣಕ್ಕೆ ಬಾಡಿಗೆ ಮನೆ ಕಟ್ಟುವವರಿಗೆ ನೇರ ಲಾಭ.

ಆದಾಯ ತೆರಿಗೆಯಲ್ಲಿ ಇನ್ನೊಂದು ಅಂಶವಿದೆ. 2024ರ ತಿದ್ದುಪಡಿಯ ಬಳಿಕ ವಾಸದ ಮನೆಯ ಬಾಡಿಗೆಯನ್ನು ವ್ಯವಹಾರದ ಆದಾಯವೆಂದು ತೋರಿಸುವಂತಿಲ್ಲ. ಅದು ಗೃಹ ಸ್ವತ್ತಿನ ಆದಾಯ. ದುರಸ್ತಿ, ಕಾವಲು ಯಾವುದಕ್ಕೂ ನೈಜ ವೆಚ್ಚ ಕಳೆಯಲಾಗದು. ಆಸ್ತಿ ತೆರಿಗೆ ಕಳೆದ ಮೇಲೆ ಶೇ. 30 ಮಾತ್ರ ಕಳೆಯುತ್ತದೆ, ಸಾಲದ ಬಡ್ಡಿ ಪ್ರತ್ಯೇಕ. ಮೇಲಿನ ಉದಾಹರಣೆಯಲ್ಲಿ ಆಸ್ತಿ ತೆರಿಗೆ 1 ಲಕ್ಷವೆಂದು ಹಿಡಿದರೆ ಬಡ್ಡಿಗೆ ಮುನ್ನ ತೆರಿಗೆಗೆ ಒಳಪಡುವ ಮೊತ್ತ ಸುಮಾರು 20.94 ಲಕ್ಷ. ಕೈಗೆ ಬಂದದ್ದು 16.71 ಲಕ್ಷ. ಸ್ವಂತ ನೌಕರರಿಗೆ ಮಾತ್ರ ನೀಡುವ ವಸತಿಯ ತೆರಿಗೆ ವಿಚಾರವನ್ನು ಕಟ್ಟಡ ಆರಂಭಿಸುವ ಮೊದಲೇ ತಮ್ಮ ಲೆಕ್ಕ ಪರಿಶೋಧಕರೊಡನೆ ಚರ್ಚಿಸತಕ್ಕದ್ದು.

ತರಬೇತಿಯಲ್ಲಿ ಏನಿರಬೇಕು?

ವೃತ್ತಿ ಪ್ರಮಾಣಪತ್ರ ಬಯಸುವ ಯುವಕರಲ್ಲಿ ಬಹುಪಾಲು ಎಂಜಿನಿಯರಿಂಗ್, ವಾಣಿಜ್ಯ ಅಥವಾ ಕಾನೂನು ಓದಿದವರು. ಎಂಜಿನಿಯರನಿಗೆ ಸಾಲದ ಅನುಪಾತ ಹೊಸತು. ವಾಣಿಜ್ಯ ಪದವೀಧರನಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯುವ ಬಗೆ ಹೊಸತು. ಒಳ್ಳೆಯ ತರಬೇತಿಯು ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ ಹಕ್ಕುಪತ್ರ, ಖಾತೆ, ಭೂ ಬಳಕೆಯಿಂದ ತೊಡಗಿ ಹಣಕಾಸು, ಗುತ್ತಿಗೆ, ವಿನ್ಯಾಸ, ಬಾಡಿಗೆಗೆ ಕೊಡುವುದು, ದುರಸ್ತಿ ಯೋಜನೆ, ವರದಿ ಇವುಗಳವರೆಗೆ ಒಂದೇ ಯೋಜನೆಯನ್ನು ಆದ್ಯಂತ ಮಾಡಿಸುತ್ತದೆ. ಬರಿಯ ಉಪನ್ಯಾಸಗಳಿಂದ ಈ ವಿದ್ಯೆ ಬರುವುದಿಲ್ಲ. ಕಟ್ಟಿ ಹತ್ತು ವರ್ಷವಾದ ಕಟ್ಟಡವೊಂದರ ತಾರಸಿ ಹತ್ತಿಸಿ, ಅದರ ಲೆಕ್ಕಪುಸ್ತಕವನ್ನು ಕೈಗೆ ಕೊಟ್ಟು, ಮುಂದಿನ ಹತ್ತು ವರ್ಷಗಳ ಖರ್ಚಿನ ಪಟ್ಟಿ ಬರೆಸುವುದು ನೂರು ಪುಟ ಓದಿಸುವುದಕ್ಕಿಂತ ಮೇಲು.

ಮಾರಾಟದ ಯೋಜನೆಗಳಿಗೆ 2016ರ ರೇರಾ ಕಾಯ್ದೆಯ ಅರಿವು ಕಡ್ಡಾಯ. ಖರೀದಿದಾರರಿಂದ ಬಂದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿರಿಸಿ, ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಮೂವರ ಪ್ರಮಾಣಪತ್ರದ ಮೇಲೆಯೇ ತೆಗೆಯಬೇಕು. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ಕಂಡ ನಿರ್ಮಾಣ ದೋಷವನ್ನು ನಿರ್ಮಾಪಕನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಈ ಐದು ವರ್ಷಗಳಲ್ಲಿ ಬಿರುಕು, ಸೋರಿಕೆಗಳನ್ನು ದಿನಾಂಕ ಸಹಿತ, ಛಾಯಾಚಿತ್ರ ಸಹಿತ ದಾಖಲಿಸುವವರು ಯಾರೂ ಇಲ್ಲದೆ ನಿವಾಸಿಗಳ ಸಂಘಗಳು ತಮ್ಮ ಹಕ್ಕನ್ನು ಕಳೆದುಕೊಳ್ಳುತ್ತವೆ. ಸಂಘದ ನಿರ್ವಹಣಾ ಶುಲ್ಕಕ್ಕೆ ಸದಸ್ಯನೊಬ್ಬನಿಗೆ ತಿಂಗಳಿಗೆ 7,500 ರೂ.ವರೆಗೆ ಜಿಎಸ್‌ಟಿ ವಿನಾಯಿತಿ ಇದೆಯೆಂಬುದೂ ಅನೇಕ ಸಂಘಗಳಿಗೆ ತಿಳಿದಿರುವುದಿಲ್ಲ.

ಪ್ರಮಾಣಪತ್ರವಿದ್ದವರೆಲ್ಲ ಸಮರ್ಥರೆಂದು ಭಾವಿಸಬೇಕಿಲ್ಲ. ಸಂದರ್ಶನಕ್ಕೆ ಬಂದ ಅಭ್ಯರ್ಥಿಯ ಮುಂದೆ ಉದ್ದಿಮೆದಾರರು ಮೇಲಿನ 40 ಮನೆಗಳ ಲೆಕ್ಕವನ್ನು ಇಟ್ಟು, ಶೇ. 10.5 ಎಂಬಲ್ಲಿಗೆ ನಿಲ್ಲಿಸಿ, ಮುಂದೇನು ಎಂದು ಕೇಳಬಹುದು. ಅಭ್ಯರ್ಥಿಯು ಮೊದಲು ಕೇಳುವ ಪ್ರಶ್ನೆ ನೀರಿನದೋ, ಖಾಲಿ ದಿನಗಳದೋ, ಮೀಸಲಿನದೋ ಆಗಿದ್ದರೆ ಮಾತು ಮುಂದುವರಿಸಬಹುದು. ನೇಮಿಸಿಕೊಂಡ ಮೇಲೆ ಆತನಿಗೆ ಮೊದಲು ವಹಿಸಬೇಕಾದ ಕೆಲಸ, ಗುತ್ತಿಗೆದಾರನ ಕೊನೆಯ ಬಿಲ್ಲು ಪಾವತಿಯಾಗುವ ಮುನ್ನ ಪೈಪು ಮತ್ತು ವಿದ್ಯುತ್ ತಂತಿಗಳು ನಿಜವಾಗಿ ಹಾದುಹೋಗಿರುವ ನಕ್ಷೆಯನ್ನು ಅವನಿಂದ ಸಹಿ ಹಾಕಿಸಿ ಪಡೆಯುವುದು. ಬಿಲ್ಲು ಪಾವತಿಯಾದ ಮೇಲೆ ಆ ನಕ್ಷೆ ಸಿಗುವುದಿಲ್ಲ.